ವಿಪತ್ತಿಗೊದಗುವವರ ಮನೋವ್ಯಥೆ
ಅಗ್ನಿಶಾಮಕರು, ಆಂಬುಲೆನ್ಸ್ ಸಿಬ್ಬಂದಿ, ದಾದಿಯರು, ವೈದ್ಯರು ಇವರೆಲ್ಲ ಪರರ ವಿಪತ್ತಿಗೆ ಮೊದಲು ಒದಗತಕ್ಕವರು. ಅಲ್ಲಿ ಕಂಡದ್ದು ಅವರ ಮನಸ್ಸಿನಿಂದ ಸುಲಭವಾಗಿ ಅಳಿಯದು. ಹಿಂದೆ ತಾವೇ ಅಗ್ನಿಶಾಮಕರಾಗಿದ್ದ ಅಮೆರಿಕದ ಜೆಫ್ರಿ ಮಿಚೆಲ್ ಅವರು 1983ರಲ್ಲಿ ಇದಕ್ಕೊಂದು ಕ್ರಮವನ್ನು ಸೂಚಿಸಿದರು. ದುರ್ಘಟನೆಯಾದ ಕೆಲವೇ ದಿನಗಳೊಳಗೆ ದಳದವರನ್ನು ಒಂದೆಡೆ ಕೂಡಿಸಿ, ಕಂಡದ್ದನ್ನೂ ಅನುಭವಿಸಿದ ಬೇಗುದಿಯನ್ನೂ ಹಂತಹಂತವಾಗಿ ಹೇಳಿಸುವುದೇ ಆ ಕ್ರಮ. ಆಡಿದರೆ ಎದೆ ಹಗುರಾದೀತೆಂಬ ಲೋಕರೂಢಿಗೆ ಒಪ್ಪುವಂತಿದ್ದುದರಿಂದ ಅದು ಬೇಗನೆ ಹರಡಿತು. ಕೆಲವೆಡೆ ಕಡ್ಡಾಯವೂ ಆಯಿತು.

ಪರೀಕ್ಷೆ ಮಾತ್ರ ತಡವಾಗಿ ನಡೆಯಿತು. 2000ದಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಅಧ್ಯಯನವೊಂದು ರಸ್ತೆ ಅಪಘಾತದ ಗಾಯಾಳುಗಳನ್ನು 3 ವರ್ಷಗಳ ತರುವಾಯ ನೋಡಿದಾಗ, ಹೀಗೆ ಹೇಳಿಸಲ್ಪಟ್ಟವರ ಸ್ಥಿತಿ ಉಳಿದವರದಕ್ಕಿಂತ ಕೆಟ್ಟಿದ್ದಿತು. ಒಂಟಿ ಗಾಯಾಳುವಿನಲ್ಲಿ ಕಂಡ ಫಲವನ್ನು ಒಗ್ಗಟ್ಟಿನ ದಳಕ್ಕೆ ಅನ್ವಯಿಸಲಾಗದೆಂಬುದು ಮಿಚೆಲ್ ಪಕ್ಷದವರ ಆಕ್ಷೇಪ. ಅದು ನಿರಾಧಾರವಲ್ಲ, ಆದರೆ ಕಡ್ಡಾಯವನ್ನು ಅದು ಸಮರ್ಥಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇರೆ ದಾರಿಯನ್ನು ಹಿಡಿಯಿತು: ಮೊದಲು ಅನ್ನ, ನೀರು, ಆಪ್ತರ ಸಂಪರ್ಕ, ನುಡಿಯಬಯಸಿದವರಿಗೆ ಕಿವಿಗೊಡುವುದು, ಒಲ್ಲದವರನ್ನು ಕೆದಕದಿರುವುದು. ನೆರವಿಗೆ ಹೋದವರ ವಿಶ್ರಾಂತಿಯನ್ನೂ ಅದು ಮರೆತಿಲ್ಲ. ತಿಂಗಳು ಕಳೆದರೂ ದುಃಸ್ವಪ್ನ, ನಿದ್ರಾನಾಶಗಳು ನಿಲ್ಲದಿದ್ದರೆ ತಜ್ಞರ ಚಿಕಿತ್ಸೆ ಬೇಕು. ಆತ್ಮಹತ್ಯೆಯ ಯೋಚನೆ ತಲೆದೋರಿದಲ್ಲಿ ಒಂದು ದಿನವೂ ಕಾಯತಕ್ಕದ್ದಲ್ಲ.