ಕಥೆ ಓದಿದವನ ನಾಡಿ

ಒಬ್ಬರು ಓದಿ ಹತ್ತು ಜನ ಕೇಳುವ ರೂಢಿ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಕಾದಂಬರಿಕಾರನೇ ವೇದಿಕೆಯೇರಿ ತನ್ನ ಕಥೆಯನ್ನು ಓದುವುದು, ಅದನ್ನು ಕೇಳಲು ಜನರು ಹಣ ತೆತ್ತು ಬರುವುದು ಕಳೆದ ಶತಮಾನಕ್ಕೂ ಹಿಂದಿನ ಇಂಗ್ಲೆಂಡಿನಲ್ಲಿ ನಡೆದ ಸಂಗತಿ. ಚಾರ್ಲ್ಸ್ ಡಿಕನ್ಸನು 1858ರಿಂದ ಹಣಕ್ಕಾಗಿ ಹೀಗೆ ಓದುತ್ತ ಬಂದನು. ಜನರನ್ನು ನಗಿಸಿದನು, ಅಳಿಸಿದನು. ಕಡೆಗೆ ಬೆದರಿಸಲೂ ಮನಸ್ಸು ಮಾಡಿದನು.

ಅದಕ್ಕೆ ಆಯ್ದುಕೊಂಡದ್ದು 'ಆಲಿವರ್ ಟ್ವಿಸ್ಟ್' ಕಾದಂಬರಿಯ ಕೊಲೆಯ ಪ್ರಸಂಗ. ತನ್ನನ್ನು ಬಿಟ್ಟುಹೋಗಲೊಲ್ಲದ ನ್ಯಾನ್ಸಿಯನ್ನೇ ಸೈಕ್ಸನೆಂಬ ಕಳ್ಳನು ದ್ರೋಹಿಯೆಂದು ಬಗೆದು ಕೊಲ್ಲುತ್ತಾನೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಕೇಳಿಸಿಕೊಂಡ ಹಿರಿಯ ಮಗ ಚಾರ್ಲಿ, ಇಷ್ಟು ಸೊಗಸಾದ ವಾಚನವನ್ನು ಕೇಳಿಯೇ ಇಲ್ಲ, ಆದರೆ ಇದನ್ನು ಓದಬೇಡಿರೆಂದು ತಂದೆಯನ್ನು ಬೇಡಿಕೊಂಡನು. ತಂದೆ ಒಪ್ಪಲಿಲ್ಲ. 1868ರ ನವೆಂಬರ್ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಸಭಾಭವನದಲ್ಲಿ ಆಹ್ವಾನಿತರ ಮುಂದೆ ಮೊದಲ ಪ್ರಯೋಗ ನಡೆಯಿತು.

ಆಗ ವಾಚನವು ಕೊಲೆಯೊಂದಿಗೇ ಮುಗಿಯುತ್ತಿತ್ತು. 'ದಿ ವುಮನ್ ಇನ್ ವೈಟ್' ಬರೆದ ವಿಲ್ಕಿ ಕಾಲಿನ್ಸನೂ ಮತ್ತೊಬ್ಬ ಗೆಳೆಯನೂ ಕೊಲೆಗಾರನ ಪಲಾಯನವನ್ನೂ ಸೇರಿಸೆಂದು ಸೂಚಿಸಿದರು. ಇದು ಮಹತ್ವದ ಮಾತೆಂದು ನಮಗೆ ತೋರುತ್ತದೆ. ಕೊಲೆ ಕ್ಷಣಕಾಲದ ಭೀತಿ. ಹೋದಲ್ಲೆಲ್ಲ ಸತ್ತವಳ ಕಣ್ಣುಗಳನ್ನೇ ಕಾಣುತ್ತ, ನಾಯಿಯೊಂದನ್ನೇ ಜೊತೆಗಿಟ್ಟುಕೊಂಡು ಅಲೆಯುವವನ ಮನಸ್ಸಿನದು ಮುಗಿಯದ ಭೀತಿ. ಡಿಕನ್ಸನು ಹಲವು ಪುಟಗಳನ್ನು ಸೇರಿಸಿದನು. ಕೊನೆಯವರೆಗೂ ಭೀತಿಯಿರಲೆಂಬ ಅರ್ಥದ ಟಿಪ್ಪಣಿಯನ್ನು ತನ್ನ ವಾಚನಪ್ರತಿಯ ಅಂಚಿನಲ್ಲಿ ಬರೆದುಕೊಂಡನು. 1869ರ ಜನವರಿ 5ರಂದು ಸಾರ್ವಜನಿಕರು ಇದನ್ನು ಮೊದಲ ಬಾರಿಗೆ ಕೇಳಿದರು.

ಕೇಳುಗರು ಬೆಚ್ಚಿದ್ದು ನಿಜ. ಓದಿದವನ ಗತಿ ಏನಾಯಿತು? ಸಾಮಾನ್ಯವಾಗಿ 72 ಇರುತ್ತಿದ್ದ ನಾಡಿಮಿಡಿತ ಈ ವಾಚನದ ತರುವಾಯ 110ನ್ನು ದಾಟುತ್ತಿತ್ತು. ತೆರೆಯ ಹಿಂದೆ ಒರಗಿಸಿದರೆ ಕೆಲವು ನಿಮಿಷ ಮಾತೇ ಹೊರಡುತ್ತಿರಲಿಲ್ಲ. 1869ರ ಏಪ್ರಿಲ್‌ನಲ್ಲಿ ವೈದ್ಯ ಫ್ರಾಂಕ್ ಬಿಯರ್ಡನು ಪ್ರೆಸ್ಟನ್ ಪಟ್ಟಣಕ್ಕೆ ಧಾವಿಸಿ ವಾಚನಪ್ರವಾಸವನ್ನೇ ನಿಲ್ಲಿಸಿಬಿಟ್ಟನು. ಆದರೂ ಮರುವರ್ಷ ಲಂಡನ್ನಿನಲ್ಲಿ ಹನ್ನೆರಡು ವಿದಾಯ ವಾಚನಗಳಾದವು. ಕೊಲೆಯ ಪ್ರಸಂಗವೂ ಅವುಗಳಲ್ಲಿತ್ತು. ಹಣವೊಂದೇ ಕಾರಣವೆನ್ನಲು ನಮಗೆ ಮನಸ್ಸು ಬಾರದು. ಸಭೆಯ ಉಸಿರನ್ನು ತನ್ನ ದನಿಯಲ್ಲಿ ಹಿಡಿದಿಟ್ಟ ಅನುಭವವನ್ನು ಬಿಟ್ಟುಕೊಡುವುದು ಸುಲಭವಲ್ಲ.

ವೇದಿಕೆಯ ಬದಿಗೆ ಮೆಟ್ಟಿಲುಗಳನ್ನು ಇರಿಸಲಾಗಿತ್ತು. ತಂದೆ ಸ್ವಲ್ಪ ತಡವರಿಸಿದರೂ ಓಡಿಹೋಗಿ ಹಿಡಿದು ಕರೆತರಬೇಕೆಂದು ವೈದ್ಯನು ಚಾರ್ಲಿಗೆ ಕಟ್ಟಪ್ಪಣೆ ಮಾಡಿದ್ದನು. ಓದಬೇಡಿರೆಂದು ಬೇಡಿದ್ದ ಮಗನೇ ಆ ಸಂಜೆಗಳಲ್ಲಿ ತಂದೆಯ ಮುಖವನ್ನೇ ನೋಡುತ್ತಿರಬೇಕಾಯಿತು. ಕೊನೆಯ ವಾಚನ ಮಾರ್ಚ್ 15ರಂದು ಮುಗಿಯಿತು. ಜೂನ್ 9ರಂದು, 58ನೆಯ ವಯಸ್ಸಿನಲ್ಲಿ, ಡಿಕನ್ಸನು ತೀರಿಕೊಂಡನು.