ನಾಲ್ಕನೆಯ ಜ್ವರ ಮತ್ತು ಬಾಯಿಹುಣ್ಣು

ಕನಕಪುರ ಸೀಮೆಯ ಉಯ್ಯಂಬಳ್ಳಿಯಲ್ಲಿ, ರೇಷ್ಮೆಹುಳುಗಳು ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ರೆಯಿಂದ, ಎದ್ದು ಸೊಪ್ಪನ್ನು ಸರಸರನೆ ಮೇಯುತ್ತಿದ್ದ ಮನೆಯೊಂದರಲ್ಲಿ, ಹಿಪ್ಪುನೇರಳೆಯ ಕಂತೆ ಬಿಚ್ಚುತ್ತಿದ್ದ ಗೃಹಿಣಿಯೊಬ್ಬರು ಕೆಳದುಟಿಯನ್ನು ಮಗುಚಿ ತೋರಿಸಿದರು: ಕೆಂಪು ಅಂಚು, ಹಳದಿ ಬಿಳುಪಿನ ನಡು, ಉದ್ದಿನ ಕಾಳಿನಷ್ಟು ಹುಣ್ಣು. “ಹುಳ ಜ್ವರದಿಂದ ಎದ್ದೇಟ್ಗೆ ನನ್ ಬಾಯಲ್ಲೂ ಇದು ಎದ್ಬುಡ್ತದೆ ಸಾ, ಬೆಳೆಬೆಳೆಗೂ ಹಿಂಗೇಯ.”

ಅತ್ತೆಯವರ ಮತದಲ್ಲಿ ಇದು ಉಷ್ಣ. ಗಸಗಸೆ, ಕೊಬ್ಬರಿಯೇ ಮದ್ದು. ಸೊಸೆಯ ನಿದಾನ ಬೇರೆ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾದುದನ್ನು ಈ ಕಡೆಯ ಏಳೆಂಟು ದಿನಗಳಲ್ಲಿಯೇ ಮುಗಿಸುವುದರಿಂದ, ಸೊಪ್ಪು ಸಾಲದೆ ಹೋದೀತೇ, ಹಾಲುತೊಂಡೆ ರೋಗ ತಗುಲೀತೇ, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಏನು ದರ ಸಿಕ್ಕೀತು ಎಂಬ ಚಿಂತೆಯೇ ಹುಣ್ಣಾಗಿ ಮೂಡುವುದೆಂದು ಆಕೆಯ ವಾದ.

ಬಾಯಿಯ ರೋಗಗಳು ವೈದ್ಯಕ್ಕೆ ಹೊಸವಲ್ಲ: ಸುಶ್ರುತನು ಅರುವತ್ತೈದು ಮುಖರೋಗಗಳನ್ನು ಎಣಿಸಿದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯನು ಈ ಮರುಕಳಿಸುವ ಹುಣ್ಣನ್ನು ವರ್ಣಿಸಿದ. ಆದರೆ ಸೊಸೆಯ ಪಕ್ಷಕ್ಕೆ ಬಲ ಬಂದದ್ದು 2012ರಲ್ಲಿ: ಅಮೆರಿಕದ ಸಂಶೋಧಕರು ಪದೇಪದೇ ಬಾಯಿಹುಣ್ಣಾಗುವ 160 ಮಂದಿಯನ್ನು ವರ್ಷದವರೆಗೆ ವಾರವಾರವೂ ವಿಚಾರಿಸಿ, ಬದುಕಿನ ಕಳವಳದ ಘಟನೆಯೊಂದು ಒದಗಿದಾಗ ಹುಣ್ಣೇಳುವ ಸಂಭವವು ಸುಮಾರು ಎರಡೂಮುಕ್ಕಾಲು ಪಟ್ಟಾಗುವುದೆಂದೂ, ದೇಹದ ಆಯಾಸಕ್ಕಿಂತ ಮನಸ್ಸಿನ ಕ್ಲೇಶವೇ ಇದರಲ್ಲಿ ಪ್ರಬಲವೆಂದೂ ಕಂಡರು. ನನಗೆ ಅತಿ ಸೋಜಿಗವೆನಿಸಿದ್ದು ಇನ್ನೊಂದು ಫಲಿತಾಂಶ: ಕಳವಳಕ್ಕೂ ಹುಣ್ಣಿನ ಆರಂಭಕ್ಕೂ ನಂಟಿದೆ, ಅದು ಎಷ್ಟು ದಿನ ಉಳಿಯುವುದೆಂಬುದಕ್ಕೆ ಇಲ್ಲ. ಚಿಂತೆ ತೀರಲಿ, ತೀರದಿರಲಿ, ಸಾಮಾನ್ಯವಾದ ಸಣ್ಣ ಹುಣ್ಣು ಒಂದೆರಡು ವಾರಗಳಲ್ಲಿ ಕಲೆಯುಳಿಸದೆ ಮಾಯುವುದು! ದೇಹರಕ್ಷಣೆಗೆ ನಿಯುಕ್ತವಾದ ಕಣಗಳೇ ಬಾಯಿಯ ಒಳಪೊರೆಯ ಮೇಲೆ ತಿರುಗಿಬೀಳುವುವೆಂದು ವೈದ್ಯರು ಹೇಳುವರಾದರೂ, ಅವು ದಂಗೆಯೇಳಲು ಚಿಂತೆ ಬೇಕು, ಶಾಂತವಾಗಲು ನಿಶ್ಚಿಂತೆ ಬೇಡವೆಂಬ ಈ ನಿಯಮ ನನ್ನ ತರ್ಕಕ್ಕೆ ಇನ್ನೂ ಒಗ್ಗಿಲ್ಲ.

ಹಾಗೆಂದು ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟುವುದೂ ಸಲ್ಲದು. ಕಬ್ಬಿಣ, ಫೋಲೇಟ್, ಬಿ12 ಇವುಗಳ ಕೊರತೆಯೂ ಹುಣ್ಣಿಗೆ ಹೇತು; ಅವಸರದ ಊಟದಲ್ಲಿ ಕೆನ್ನೆ ಕಚ್ಚಿಕೊಂಡರೂ ಸಾಕು. ಅತ್ತೆಯವರಿಗೆ ಹುಣ್ಣೇ ಇಲ್ಲವೆಂಬ ಜಂಬ. ಅವರು ಹೊಗೆಸೊಪ್ಪು ಹಾಕುವವರು. ತಂಬಾಕು ಒಳಪೊರೆಯನ್ನು ಗಡಸುಗೊಳಿಸಿ ಈ ಬಗೆಯ ಹುಣ್ಣನ್ನು ವಿರಳಗೊಳಿಸುವುದುಂಟು, ಆದರೆ ಅದೇ ಎಲೆ ಬಾಯಿಯ ಕ್ಯಾನ್ಸರಿಗೆ ಮೂಲವಾದ್ದರಿಂದ, ಮೂರು ವಾರಕ್ಕೂ ಮಾಯದ ಹುಣ್ಣು, ನೋವಿಲ್ಲದಿದ್ದರೂ, ಕಂಡೊಡನೆ ವೈದ್ಯರ ಬಳಿಗೆ ಓಡಬೇಕಾದವರು ಸೊಸೆಗಿಂತ ಮೊದಲು ನೀವೇ ಎಂದೆ. “ಹುಳ ಹಣ್ಣಾಗ್ಲಿ, ಗೂಡು ಕಟ್ಟೋ ಚಂದ್ರಿಕೆಗೆ ಬುಟ್ಟಾದ್ಮೇಲೆ ನೋಡಾನ ಬುಡಿ” ಎಂದು ಅತ್ತೆ ಎದ್ದು ಸೊಪ್ಪು ತರಲು ಹೋದರು.