ಹಗ್ಗ ಕಟ್ಟಿದ ಹಸಿರುಮನೆ



ಕಳೆದ ತಿಂಗಳು ನಾವು ಕೆಲವು ಯುವಕರೊಡನೆ ಹೊಸೂರಿನ ಬಳಿಯ ಒಂದು ತೋಟಕ್ಕೆ ಹೋಗಿದ್ದೆವು. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಇಷ್ಟೇ ಆಳು. ಎರಡು ಹಸಿರುಮನೆಗಳಲ್ಲಿ ಕೆಂಪು, ಹಳದಿ ದಪ್ಪಮೆಣಸಿನಕಾಯಿ ಬೆಳೆದು ಗೇಟಿನ ಪಕ್ಕದ ಚಪ್ಪರದಲ್ಲಿ ಮಾರುತ್ತಾರೆ. ಮಿಕ್ಕಿದ್ದು ಹೊಸೂರಿನ ಉಳವರ್ ಸಂದೈಗೆ ಹೋಗುತ್ತದೆ. 1999ರಲ್ಲಿ ಮಧುರೆಯಲ್ಲಿ ಮೊದಲು ಆರಂಭವಾದ ಈ ರೈತ ಸಂತೆಗಳಲ್ಲಿ ದಲ್ಲಾಳಿಗೆ ಜಾಗವಿಲ್ಲ. ಗುರುತಿನ ಚೀಟಿ ಪಡೆದ ರೈತರೇ ಕುಳಿತು ತೂಗಿ ಮಾರಬೇಕು.

ಒಳಗೆ ಗಿಡಗಳು ದಾರ ಹಿಡಿದು ನಮ್ಮ ತಲೆಗಿಂತ ಎತ್ತರಕ್ಕೆ ಏರಿದ್ದವು. ಹನಿ ನೀರಾವರಿಯಲ್ಲೇ ಗೊಬ್ಬರವೂ ಸೇರಿ ಬರುತ್ತದೆ. ಹಸಿರು ಕಾಯಿಯನ್ನು ಗಿಡದಲ್ಲೇ ಬಿಟ್ಟು ಕಾದರೆ ಕೆಂಪಾಗುತ್ತದೆ. 'ಸಿ' ಜೀವಸತ್ವವೂ ಹೆಚ್ಚುತ್ತದೆ. ಆದರೆ ಅದೇ ಮಣ್ಣಿನಲ್ಲಿ ಅದೇ ಬೆಳೆ ಇಟ್ಟರೆ ಬೇರುಗಂಟು ಜಂತುಹುಳು ಬರುವ ಅಪಾಯ ಹೆಚ್ಚು. ಇವರು ಬೇವಿನ ಹಿಂಡಿ ಹಾಕುತ್ತಾರೆ, ನಡುವೆ ಚೆಂಡುಹೂ ಬೆಳೆಯುತ್ತಾರೆ.

ಎರಡನೆಯ ಮನೆಯ ಬಾಗಿಲಿಗೆ ಹಗ್ಗ ಕಟ್ಟಿತ್ತು. ನುಸಿಗೆ ಔಷಧಿ ಹೊಡೆದಿದ್ದರಂತೆ. ಅಷ್ಟರಲ್ಲಿ ಬೆಂಗಳೂರಿನ ವ್ಯಾಪಾರಿಯ ಫೋನು ಬಂತು: ಒಳ್ಳೆಯ ರೇಟು, ಆದರೆ ಇವತ್ತೇ ಬೇಕು. ಹಿರಿಯ ಮಗ ತಾಯಿಯ ಮುಖ ನೋಡಿದ. ಬ್ಯಾಂಕಿನ ಕಂತು ಹತ್ತಿರದಲ್ಲಿತ್ತು. "ಡಬ್ಬಿಯ ಮೇಲೆ ಬರೆದ ದಿನ ಮುಗಿಯಲಿ," ಎಂದರು ಆಕೆ. ಮಗ ಗೊಣಗಿದ, ಆದರೆ ಹಗ್ಗ ಬಿಚ್ಚಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಎರಡು ವರ್ಷದ ಹಿಂದೆ ಕಿರಿಯ ಮಗ ಪಕ್ಕದ ಪರದೆಗಳನ್ನೆಲ್ಲ ಇಳಿಸಿ, ಬರಿಯ ಬನಿಯನ್ನಿನಲ್ಲಿ ಔಷಧಿ ಹೊಡೆದಿದ್ದ. ಸಂಜೆಗೆ ವಾಂತಿ, ವಿಪರೀತ ಬೆವರು, ಬಾಯಿತುಂಬ ಜೊಲ್ಲು, ಕಣ್ಣು ಮಂಜು. ಹೊರಡುವಾಗ ಆ ತಾಯಿ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರು. ಯಾವ ವಿಷವೆಂದು ವೈದ್ಯರಿಗೆ ಕೂಡಲೇ ತಿಳಿಯಿತು, ಹುಡುಗ ಬದುಕಿದ. ನಮ್ಮಲ್ಲಿ ಎಷ್ಟು ಮನೆಯವರಿಗೆ ಇದು ಹೊಳೆದೀತು?

ಬಯಲಿನಂತೆ ಹಸಿರುಮನೆಯಲ್ಲಿ ಗಾಳಿ ಬೇಗ ವಿಷವನ್ನು ಒಯ್ಯುವುದಿಲ್ಲ. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ಔಷಧಿಗೆ ತಕ್ಕ ಮುಖಕವಚ ಬೇಕೇ ಬೇಕು. ಮುಖಕ್ಕೆ ಟವೆಲು ಸುತ್ತಿದರೆ ಸಾಲದು. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ. ಗರ್ಭಿಣಿಯರನ್ನು ಒಳಗೆ ಕಳುಹಿಸಲೇಬೇಡಿ.

ನಾವು ಮೊದಲನೆಯ ಮನೆಯ ಎರಡು ಕಿಲೋ ಕೆಂಪು ಕಾಯಿ ಕೊಂಡೆವು. ಸೊಸೆ ತೂಗಿ, ಮೇಲೊಂದು ಕಾಯಿ ಹಾಕಿದಳು. ಹಿರಿಯ ಮಗ ಆಗಲೇ ಇನ್ನೊಬ್ಬ ವ್ಯಾಪಾರಿಗೆ ಫೋನು ಮಾಡುತ್ತಿದ್ದ, ಶುಕ್ರವಾರಕ್ಕೆ ರೇಟು ಕೇಳುತ್ತಾ.